ಆರನೆಯ ತಂತಿಯ ಎರಡು ಸ್ವರ

ಹನ್ನೆರಡು ಟ್ಯೂನುಗಳ ರೆಕಾರ್ಡಿನಲ್ಲಿ ಒಂಬತ್ತು ಶರತ್ಕಾಲದಲ್ಲೇ ಮುಗಿದಿದ್ದವು. ಉಳಿದ ಮೂರನ್ನು ರೇನೊ ಮಾರ್ಚ್ ತಿಂಗಳ ಎರಡನೆಯ ಗುರುವಾರದ ಹೊತ್ತಿಗೆ ಮುಗಿಸಿದ್ದ. ಆ ಮೂರರಲ್ಲಿ ತೈಸ್ತೊನ ಗಿಟಾರ್ ಒಂದು ಸ್ವರದಷ್ಟೂ ಇರಲಿಲ್ಲ. ಅಂದು ಮಧ್ಯಾಹ್ನ ಎರಡು ಗಂಟೆಗೆ ತೈಸ್ತೊ ಅವನ್ನು ಕೇಳಲು ಬರುವವನಿದ್ದ. ಕೇಳುತ್ತಿರುವುದು ತನ್ನ ಕೈಯಲ್ಲವೆಂದು ಅವನಿಗೆ ತಿಳಿಯುತ್ತದೆಯೇ, ಇಲ್ಲವೇ? ರೇನೊನ ಮುಂದೆ ಉಳಿದಿದ್ದ ಪ್ರಶ್ನೆ ಇದೊಂದೇ.

ಇಬ್ಬರೂ ನಲವತ್ತನಾಲ್ಕು ವರ್ಷ ಒಂದೇ ವೇದಿಕೆಯ ಮೇಲೆ ನಿಂತವರು. ತಂಪೆರೆ ನಗರದ ಸುತ್ತಮುತ್ತ ಸರೋವರದ ದಂಡೆಗಳಲ್ಲಿರುವ ನೃತ್ಯಮಂಟಪಗಳಲ್ಲಿ, ಬೇಸಿಗೆಯ ಶನಿವಾರಗಳಲ್ಲಿ, ರೌತಾ ಮೂವರು ಎಂಬ ಹೆಸರಿನಿಂದ ನುಡಿಸಿದವರು. ತೈಸ್ತೊನದು ಗಿಟಾರ್, ರೇನೊನದು ಆರ್ಗನ್, ಸುಲೊನದು ಡ್ರಮ್ಸ್. ಅವರ ಸಂಗೀತಕ್ಕೆ ಹಾಡುಗಾರ ಬೇಕಿರಲಿಲ್ಲ. ಹಾಡುವ ಕೆಲಸ ಗಿಟಾರಿನದು. ತೈಸ್ತೊ ಒಂದು ತಂತಿ ಮೀಟಿದರೆ ಅವನ ಟೇಪ್ ಎಕೋ ಯಂತ್ರ ಅದನ್ನು ಹಿಡಿದು ಮತ್ತೆ ಮತ್ತೆ ಹಿಂದಿರುಗಿಸುತ್ತಿತ್ತು. ಒಂದೇ ಸ್ವರ ನೀರಿನಾಚೆಗೂ ಹೋಗಿ ಬಂದಂತೆ ಕೇಳುತ್ತಿತ್ತು. ಸುಲೊ ತೀರಿಕೊಂಡು ಆರು ವರ್ಷವಾಗಿತ್ತು. ಆಮೇಲೆ ಮಂಟಪಗಳಿಂದ ಕರೆ ಬರಲಿಲ್ಲ. ಬಂದಿದ್ದರೂ ಇವರು ಹೋಗುತ್ತಿರಲಿಲ್ಲ. ನುಡಿಸಿದ್ದಕ್ಕೆ ಒಂದು ಗುರುತಾದರೂ ಉಳಿಯಲಿ ಎಂದು ರೆಕಾರ್ಡ್ ಮಾಡಲು ಹೊರಟಿದ್ದರು. ಸುಲೊನ ಜಾಗದಲ್ಲಿ ಕಂಪ್ಯೂಟರಿನ ಡ್ರಮ್ಸ್ ಇತ್ತು. ಅದನ್ನು ಜೋಡಿಸುವ ಕೆಲಸ ರೇನೊನದಾಗಿತ್ತು.

ರೇನೊ ಕಾಗದ ಮಾಡುವ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯ ಅಳತೆ ಕೋಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗ ಹೆಚ್ಚಾದರೂ ತುಂಡನ್ನು ವಾಪಸು ಕಳಿಸುತ್ತಿದ್ದವನು. ಆದ್ದರಿಂದ ಆ ಒಂಬತ್ತು ಟ್ಯೂನುಗಳು ಅವನಿಗೆ ಸಾಕಷ್ಟು ಹಿಂಸೆ ಕೊಟ್ಟಿದ್ದವು. ತೈಸ್ತೊ ಕಿವಿಗೆ ಹೆಡ್‌ಫೋನ್ ಹಾಕಲು ಒಪ್ಪಲಿಲ್ಲ; ತಾಳದ ಟಿಕ್ ಟಿಕ್ ಬೇಡವೆಂದ; ತನ್ನ ಹಳೆಯ ಎಕೋ ಯಂತ್ರವನ್ನು ಕಾಲ ಬಳಿ ಇಟ್ಟುಕೊಂಡು ಒಬ್ಬನೇ ನುಡಿಸಿ ಎದ್ದುಹೋಗುತ್ತಿದ್ದ. ಆಮೇಲೆ ರೇನೊ ಕೂತು ಡ್ರಮ್ಮಿನ ಪೆಟ್ಟುಗಳನ್ನು ಒಂದೊಂದಾಗಿ ಕೈಯಿಂದ ಸರಿಸಿ ಗಿಟಾರಿಗೆ ಹೊಂದಿಸಬೇಕಾಗುತ್ತಿತ್ತು. ಸ್ವರಲಿಪಿಯ ಹಾಳೆಯಲ್ಲಿ ನಿಮಿಷಕ್ಕೆ ನೂರಮೂವತ್ತೆರಡು ಪೆಟ್ಟು ಎಂದು ಬರೆದಿತ್ತು. ತೈಸ್ತೊನ ನಡೆ ಯಾವಾಗಲೂ ಅದಕ್ಕಿಂತ ನಿಧಾನ. ಮೂರು ನಿಮಿಷದ ಟ್ಯೂನು ಸುಮಾರು ಹತ್ತು ಸೆಕೆಂಡು ತಡವಾಗಿ ಮುಗಿಯುತ್ತಿತ್ತು. ವಯಸ್ಸಾಯಿತು ನಿನಗೆ ಎಂದು ರೇನೊ ಹೇಳಿದರೆ, ನೀನು ಗಡಿಯಾರ ನುಂಗಿ ಹುಟ್ಟಿದವನು ಎಂದು ತೈಸ್ತೊ ತಿರುಗಿ ಹೇಳುತ್ತಿದ್ದ.

ಒಂಬತ್ತನೆಯ ಟ್ಯೂನಿನ ಕೊನೆಗೆ ಎಕೋ ಯಂತ್ರದ ಮೋಟಾರು ಕೆಟ್ಟು ನಿಂತಿತು. ನವೆಂಬರಿನಲ್ಲಿ ತೈಸ್ತೊನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಉಳಿಯಿತು, ಬಲಗೈ ಉಳಿಯಿತು. ಎಡಗೈಯಲ್ಲಿ ತಂತಿ ಒತ್ತುವ ನಾಲ್ಕು ಬೆರಳುಗಳಲ್ಲಿ ಎರಡು ಮಾತ್ರ ಹೇಳಿದಂತೆ ಕೇಳುತ್ತಿದ್ದವು.

ಫೆಬ್ರವರಿಯಲ್ಲಿ ಅವನು ಎರಡು ಮಧ್ಯಾಹ್ನ ಬಂದು ಉಳಿದ ಮೂರನ್ನು ನುಡಿಸಿದ. ಹೆಂಡತಿ ಹೆಲ್ವಿ ಗಿಟಾರನ್ನು ಹೊತ್ತು ತಂದಿದ್ದಳು. ಗೆಳೆಯನಿಗೆ ಅನುಕೂಲವಾಗಲಿ ಎಂದು ರೇನೊ ಈ ಸಲ ಹೆಡ್‌ಫೋನಿನಲ್ಲಿ ನೂರಮೂವತ್ತೆರಡರ ಟಿಕ್ ಟಿಕ್ ಹಾಕಿದ. ಎಕೋವನ್ನು ಕಂಪ್ಯೂಟರಿನಿಂದ ಕೊಟ್ಟ. ತೈಸ್ತೊ ಬೇಡವೆನ್ನಲಿಲ್ಲ. ಆ ಎರಡು ಮಧ್ಯಾಹ್ನಗಳಲ್ಲಿ ಒಂದು ಸಾಲೂ ಪೂರ್ತಿಯಾಗಿ ಸರಿ ಬರಲಿಲ್ಲ. ಇಷ್ಟು ಸಾಕು, ಇರುವುದನ್ನೇ ಕತ್ತರಿಸಿ ಜೋಡಿಸುತ್ತೇನೆ ಎಂದು ರೇನೊ ಹೇಳಿ ಕಳುಹಿಸಿದ. ಮರುದಿನವೇ ಹೆಲ್ವಿ ಫೋನ್ ಮಾಡಿದಳು. ಕಾಯಿಲೆಯಾದ ಮೇಲೂ ಮೂರು ಟ್ಯೂನು ನುಡಿಸಿ ಮುಗಿಸಿದೆನೆಂದು ತೈಸ್ತೊ ವ್ಯಾಯಾಮ ಮಾಡಿಸುವ ಹುಡುಗಿಯಿಂದ ಹಿಡಿದು ಲಿಫ್ಟಿನಲ್ಲಿ ಸಿಕ್ಕವರವರೆಗೆ ಎಲ್ಲರಿಗೂ ಹೇಳುತ್ತಿದ್ದನಂತೆ. ಮೊದಲ ಸಲ ನೆಟ್ಟಗೆ ನಿದ್ದೆ ಮಾಡಿದನಂತೆ. ಚೆನ್ನಾಗಿ ಬಂದಿದೆ ಅಂತ ಅವನಿಗೆ ಒಂದು ಮಾತು ಹೇಳಿಬಿಡು ಎಂದಳು. ರೇನೊ ಹೇಳಿದ.

ಆದರೆ ಕತ್ತರಿಸಿದ ತುಂಡುಗಳು ಸೇರಲಿಲ್ಲ. ನಾಲ್ಕು ದಿನದ ನಂತರ ಅವನು ಅವುಗಳ ಧ್ವನಿಯನ್ನು ಮುಚ್ಚಿ, ಕಂಪ್ಯೂಟರಿನೊಳಗಿನ ಗಿಟಾರನ್ನು ತೆರೆದ. ಅದು ಎಲ್ಲಿಯೋ ಯಾರೋ ಒಬ್ಬನ ಗಿಟಾರ್. ಅದರ ಪ್ರತಿ ತಂತಿಯ ಪ್ರತಿ ಸ್ವರವನ್ನೂ ಬಿಡಿಬಿಡಿಯಾಗಿ ದಾಖಲಿಸಿ ಇಟ್ಟಿದ್ದರು. ರೇನೊ ತನ್ನ ಕೀಬೋರ್ಡ್ ವಾದ್ಯದ ಒಂದು ಮನೆ ಒತ್ತಿದರೆ ಆ ಸ್ವರ ಹೊರಡುತ್ತಿತ್ತು. ಹಾಗೇ ಕೇಳಿದರೆ ಅದು ಬಡಕಲು ಸದ್ದು, ಡಬ್ಬಿಗೆ ತಂತಿ ಕಟ್ಟಿ ಮೀಟಿದಂತೆ. ಗಿಟಾರಿಗರು ತಮ್ಮ ವಾದ್ಯಕ್ಕೆಂದು ಬಳಸುವ ಪ್ಲಗಿನ್ ಎಂಬ ಸಣ್ಣ ಸಾಫ್ಟ್‌ವೇರುಗಳನ್ನು ಅವನು ಅದರ ಮೇಲೆ ಒಂದಾದ ಮೇಲೊಂದು ಏರಿಸಿದ. ಮೊದಲು ಸದ್ದನ್ನು ಹಿಗ್ಗಿಸುವ ಆಂಪ್, ಆಮೇಲೆ ಅದನ್ನು ಕೋಣೆಯಲ್ಲಿ ಹರಡಿದಂತೆ ಮಾಡುವ ಸ್ಪ್ರಿಂಗಿನ ಗುಂಗು, ಆಮೇಲೆ ಸ್ವರವನ್ನು ಅಲುಗಾಡಿಸುವ ಟ್ರೆಮೊಲೊ, ಕೊನೆಗೆ ಎಕೋ.

ಕೆಲಸ ಸುಲಭವಾಗಿರಲಿಲ್ಲ. ನಿಜವಾದ ಗಿಟಾರಿನ ತಂತಿಯಿಂದ ಬರುವ ಸದ್ದು ಸಣ್ಣದು. ಆಂಪ್ ಪ್ಲಗಿನ್ ಕಾಯುವುದು ಆ ಸಣ್ಣ ಸದ್ದಿಗಾಗಿ. ಕಂಪ್ಯೂಟರಿನ ಗಿಟಾರ್ ಅದರ ಬಾಗಿಲಿಗೆ ಮೂರು ಪಟ್ಟು ಜೋರಾಗಿ ಬಂದು ನುಗ್ಗುತ್ತಿತ್ತು. ಎಲ್ಲವೂ ಹರಿದ ಬಟ್ಟೆಯಂತೆ ಕರಕರ ಎನ್ನುತ್ತಿತ್ತು. ರೇನೊ ಒಂಬತ್ತು ಡೆಸಿಬೆಲ್ ಇಳಿಸಿದ. ಆ ಗಿಟಾರಿನೊಳಗೆ ಮೊದಲೇ ಒಂದು ಕೋಣೆಯ ಗುಂಗು ಸೇರಿಸಿಟ್ಟಿದ್ದರು. ಅದನ್ನು ಹುಡುಕಿ ತೆಗೆದುಹಾಕಿದ. ಬೆರಳು ತಂತಿಯ ಮೇಲೆ ಜಾರುವ ಕಿರುಸದ್ದನ್ನು ಅಲ್ಲಲ್ಲಿ ಸೇರಿಸಿದ. ಹನ್ನೊಂದು ಆಂಪುಗಳನ್ನು ಬದಲಿಸಿ ನೋಡಿದ. ಎಕೋಗೆ ಲೆಕ್ಕ ಹಾಕಿದ: ಒಂದು ನಿಮಿಷಕ್ಕೆ ಅರವತ್ತು ಸಾವಿರ ಮಿಲಿಸೆಕೆಂಡು, ಅದನ್ನು ನೂರಮೂವತ್ತೆರಡರಿಂದ ಭಾಗಿಸಿ, ಬಂದದ್ದರಲ್ಲಿ ಮುಕ್ಕಾಲು ಪಾಲು, ಮುನ್ನೂರ ನಲವತ್ತೊಂದು. ತೈಸ್ತೊನ ಎಕೋ ಪೆಟ್ಟಿನ ಮುಕ್ಕಾಲಿಗೆ ಬೀಳುತ್ತಿತ್ತೆಂಬುದು ಅವನಿಗೆ ನೆನಪಿತ್ತು. ಸಂಖ್ಯೆ ಸರಿಯಾಗಿತ್ತು, ಪ್ರತಿ ಸ್ವರವೂ ತನ್ನ ಜಾಗದಲ್ಲಿತ್ತು. ಆದರೂ ಕೇಳಿದರೆ ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಹೊತ್ತಿಗೆ ಹಾಕುವ ಸಂಗೀತದಂತಿತ್ತು. ತಪ್ಪು ಎಲ್ಲಿದೆಯೆಂದು ಅವನು ಹುಡುಕಿದ, ಸಿಗಲಿಲ್ಲ. ಮೂರನೆಯ ವಾರದ ಕೊನೆಗೆ ಕಿವಿ ದಣಿದು, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ವ್ಯತ್ಯಾಸ ತಿಳಿಯದಾದಾಗ, ಮುಗಿಯಿತೆಂದು ಫೋನ್ ಮಾಡಿದ.

ಎರಡು ಗಂಟೆಗೆ ಐದು ನಿಮಿಷ ಮೊದಲೇ ಗಂಡ ಹೆಂಡತಿ ಬಂದರು. ತೈಸ್ತೊ ಬೂಟು ಬಿಚ್ಚಲು ನಾಲ್ಕು ನಿಮಿಷ ತೆಗೆದುಕೊಂಡ, ಸಹಾಯ ಬೇಡವೆಂದ. ಹಿಂದಿನ ಕೋಣೆಯಲ್ಲಿ ಎರಡು ಸ್ಪೀಕರುಗಳ ನಡುವೆ ಅವನಿಗಾಗಿ ಒಂದು ಕುರ್ಚಿ ಹಾಕಿತ್ತು. ಹೆಲ್ವಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ರೇನೊ ಮೂರನ್ನೂ ಬೆನ್ನುಬೆನ್ನಿಗೆ ಹಾಕಿದ. ಒಟ್ಟು ಒಂಬತ್ತು ನಿಮಿಷ. ತೈಸ್ತೊ ನೆಲ ನೋಡುತ್ತಿದ್ದ. ಎಡಗೈ ತೊಡೆಯ ಮೇಲೆ ಬಿದ್ದಿತ್ತು.

ಮುಗಿದ ಮೇಲೆ ಅವನು ಎರಡನೆಯದನ್ನು ಇನ್ನೊಮ್ಮೆ ಹಾಕಲು ಹೇಳಿದ. ಅರ್ಧಕ್ಕೆ ಬಂದಾಗ ಬಲಗೈ ಎತ್ತಿ ನಿಲ್ಲಿಸಿದ. ಆ ಜಾಗವನ್ನು ಮತ್ತೆ ಕೇಳಿದ; ಇನ್ನೊಮ್ಮೆ ಕೇಳಿದ. ಆಮೇಲೆ ಎಡಗೈಯನ್ನು ಎದೆಯ ಮುಂದೆ ಎತ್ತಿ ಹಿಡಿದುಕೊಂಡು, ಗಾಳಿಯಲ್ಲಿ ಗಿಟಾರಿನ ಕುತ್ತಿಗೆ ಇದೆಯೋ ಎಂಬಂತೆ, ಒಂದೊಂದೇ ಬೆರಳನ್ನು ಬಲಗೈಯಿಂದ ಮಡಚಿ ಇಟ್ಟು ನೋಡಿದ.

"ಇಲ್ಲಿ ಕೆಳಗೆ ಎಫ್ ಸ್ವರ ಇದೆ," ಎಂದ. "ಅದ್ರ ಜೊತೆಗೇ ಎ-ಫ್ಲಾಟ್ ಇದೆ. ಅದೂ ಕೆಳಗಿಂದೇ."

ರೇನೊ ಹೌದೆಂದ.

"ಎರಡೂ ಆರನೆ ತಂತಿಲೇ ಸಿಗೋದು. ಐದನೆ ತಂತಿ ಶುರುವಾಗೋದೇ ಅದಕ್ಕಿಂತ ಮೇಲೆ. ನನ್ನ ಗಿಟಾರಲ್ಲಿ ಆರನೆ ತಂತಿ ಒಂದೇ ಇರೋದು, ಮಾರಾಯ. ನಿಂದ್ರಲ್ಲಿ ಎರಡಿದೆಯಾ?"

ರೇನೊ ಕೀಬೋರ್ಡಿನ ಕಡೆ ನೋಡಿದ. ಆರ್ಗನ್ನಿನ ಮೇಲೆ ಎಡಗೈಯಿಂದ ಆ ಎರಡು ಮನೆಗಳನ್ನು ಒಟ್ಟಿಗೆ ಒತ್ತುವುದು ಅವನಿಗೆ ನಲವತ್ತು ವರ್ಷದ ರೂಢಿ, ಒತ್ತಿದ್ದೇ ಗೊತ್ತಾಗಿರಲಿಲ್ಲ. ಒಂದು ತಂತಿ ಒಂದು ಸಲಕ್ಕೆ ಒಂದೇ ಸ್ವರ ಕೊಡುತ್ತದೆ ಎಂಬ ಲೆಕ್ಕ ಮಕ್ಕಳಿಗೂ ತಿಳಿಯುವಂಥದ್ದು. ಹನ್ನೊಂದು ಆಂಪು ಬದಲಿಸಿದವನಿಗೆ ಅದು ಕಾಣದೆ ಹೋಗಿತ್ತು.

"ಇದು ಕೀಬೋರ್ಡು," ಎಂದ ರೇನೊ. "ಮೂರೂ ಕೀಬೋರ್ಡೇ. ನಾನೇ ನುಡಿಸಿದ್ದು."

ತೈಸ್ತೊ ಎಡಗೈಯನ್ನು ತೊಡೆಯ ಮೇಲೆ ವಾಪಸು ಇಟ್ಟ. ಹೆಂಡತಿಯ ಕಡೆ ತಿರುಗಿದ.

"ನಿಂಗೂ ಗೊತ್ತಿತ್ತಾ?"

"ನಾನು ರೇನೊನ ಕೇಳ್ಲಿಲ್ಲ," ಎಂದಳು ಹೆಲ್ವಿ. "ಕೇಳಿದ್ರೆ ಗೊತ್ತಾಗ್ತಿತ್ತು, ಅದಕ್ಕೇ ಕೇಳ್ಲಿಲ್ಲ."

ಅವಳು ಎದ್ದು, ಕಾಫಿ ಹಾಕುತ್ತೇನೆಂದು ಅಡುಗೆಮನೆಗೆ ಹೋದಳು. ಬಾಗಿಲನ್ನು ಮುಚ್ಚಲಿಲ್ಲ.

ನನ್ನದು ಎಲ್ಲಿದೆ ಎಂದು ತೈಸ್ತೊ ವಿಚಾರಿಸಿದ. ಅಳಿಸಿಲ್ಲ, ಇಲ್ಲೇ ಕೆಳಗಿದೆ, ಧ್ವನಿ ಮುಚ್ಚಿಟ್ಟಿದ್ದೇನೆ ಎಂದು ರೇನೊ ತೋರಿಸಿದ. ತೈಸ್ತೊ ತೆರೆಯಲು ಹೇಳಿದ, ರೇನೊ ತೆರೆದ. ಇಬ್ಬರೂ ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದರು. ಬೆರಳು ತಲುಪದ ಸ್ವರಗಳು ಡಬ್ ಎಂದು ಸಾಯುತ್ತಿದ್ದವು. ಟಿಕ್ ಟಿಕ್ ಮುಂದೆ ಓಡುತ್ತಿತ್ತು, ಗಿಟಾರ್ ಹಿಂದೆ ಉಳಿಯುತ್ತಿತ್ತು. ಹಿಡಿಯಲು ಹೋಗಿ ಎರಡು ಕಡೆ ಎಡವಿತ್ತು.

"ಟಿಕ್ ಟಿಕ್ ಇರದಿದ್ರೂ ಬರ್ತಿರ್ಲಿಲ್ಲ ಬಿಡು," ಎಂದ ತೈಸ್ತೊ. "ಕೈ ಹೋಗಿದೆ. ನಾನು ಎಲ್ರಿಗೂ ಹೇಳ್ಕೊಂಡು ತಿರುಗಿದೆ."

ರೇನೊ ಕ್ಷಮಿಸು ಎಂದ. ತೈಸ್ತೊ ಅದನ್ನು ಒಪ್ಪಿಕೊಳ್ಳಲೂ ಇಲ್ಲ, ತಳ್ಳಲೂ ಇಲ್ಲ. ಕಿಟಕಿಯಾಚೆ ಎದುರು ಕಟ್ಟಡದ ಮಾಡಿನ ಹಿಮವನ್ನು ಇಬ್ಬರು ಸಲಿಕೆಯಿಂದ ಕೆಳಕ್ಕೆ ತಳ್ಳುತ್ತಿದ್ದರು; ಒಂದೊಂದು ಗುಡ್ಡೆ ಅಂಗಳಕ್ಕೆ ಬಿದ್ದಾಗಲೂ ಕಿಟಕಿಯ ಗಾಜು ಅದುರುತ್ತಿತ್ತು. ತೈಸ್ತೊ ಅತ್ತ ನೋಡುತ್ತಲೇ ಮಾತು ಮುಂದುವರಿಸಿದ.

"ಕೈ ಹೋಯ್ತು, ಸರಿ. ಅದು ನಿನ್ನ ತಪ್ಪಲ್ಲ. ಎಕೋ ಯಾಕೆ ಸಾಯಿಸಿದೆ?"

ಸಾಯಿಸಿಲ್ಲ, ಲೆಕ್ಕ ಹಾಕಿಯೇ ಇಟ್ಟಿದ್ದೇನೆ ಎಂದು ರೇನೊ ಮುನ್ನೂರ ನಲವತ್ತೊಂದರ ಕಥೆ ಹೇಳಿದ. ಹಾಳೆಯನ್ನೂ ತೋರಿಸಿದ.

"ನೂರಮೂವತ್ತೆರಡು ಅಂತ ಬರೆದಿದ್ಯಾರು?"

"ನಾನೇ. ಎಪ್ಪತ್ತೊಂಬತ್ತರಲ್ಲಿ."

"ಸುಲೊ ತಾಳ ಹೇಗೆ ಹಿಡೀತಿದ್ದ ಅಂದ್ಕೊಂಡಿದೀಯ?"

"ನಿನ್ನ ಕಾಲು ನೋಡಿ."

"ನನ್ನ ಕಾಲು ಯಾವತ್ತೂ ತಾಳಕ್ಕೆ ಬಿದ್ದಿಲ್ಲ ಕಣೋ. ಹೆಲ್ವೀನ ಕೇಳು, ಅವಳ ಜೊತೆ ಕುಣಿದಿದೀನಿ. ಸುಲೊ ಯಂತ್ರದ ಮಾತು ಕೇಳ್ತಿದ್ದ. ನಾನು ಮೊದಲ ಸ್ವರ ಬಿಡ್ತಿದ್ದೆ, ಅದು ತಿರುಗಿ ಬರೋತನಕ ಅವನು ಕೋಲು ಎತ್ತಿ ಕಾಯ್ತಿದ್ದ. ಬಂದ್ಮೇಲೆ ಹೊಡೀತಿದ್ದ. ಆ ಯಂತ್ರಕ್ಕಿದ್ದದ್ದು ತನ್ನದೇ ಒಂದು ವೇಗ. ಅದನ್ನ ನಮಗೆ ತಕ್ಕ ಹಾಗೆ ತಿರುಗಿಸೋಕ್ಕೆ ಆಗ್ತಿರ್ಲಿಲ್ಲ, ನಾವೇ ಅದಕ್ಕೆ ತಕ್ಕ ಹಾಗೆ ತಿರುಗ್ತಿದ್ವಿ."

ನಲವತ್ತನಾಲ್ಕು ವರ್ಷದಲ್ಲಿ ಈ ಮಾತನ್ನು ಯಾರೂ ರೇನೊನಿಗೆ ಹೇಳಿರಲಿಲ್ಲ. ಅವನು ವೇದಿಕೆಯ ಇನ್ನೊಂದು ಮೂಲೆಯಲ್ಲಿ ಆರ್ಗನ್ನಿನ ಹಿಂದೆ ಕೂತು ಸುಲೊನ ಕೋಲು ನೋಡಿ ನುಡಿಸುತ್ತಿದ್ದ. ಸುಲೊ ಯಂತ್ರಕ್ಕೆ ಕಿವಿಗೊಡುತ್ತಿದ್ದನೆಂದು ಅವನಿಗೆ ಹೊಳೆದಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ನೀನು ಕೇಳಿದ್ದರೆ ತಾನೇ ಎಂದು ತೈಸ್ತೊ ಹೇಳಿದ.

ರೇನೊ ಮಾತು ಬಿಟ್ಟು ಅಳತೆಗೆ ಕೈ ಹಾಕಿದ. ಶರತ್ಕಾಲದ ಒಂಬತ್ತರಲ್ಲಿ ಒಂದನ್ನು ತೆರೆದು, ಗಿಟಾರಿನ ಒಂದು ಮೀಟಿಗೂ ಅದರ ಮೊದಲ ಮರುದನಿಗೂ ನಡುವಿನ ಅಂತರವನ್ನು ಪರದೆಯ ಮೇಲೆ ಹಿಗ್ಗಿಸಿ ಅಳೆದ. ಮುನ್ನೂರ ಅರವತ್ತು ಮಿಲಿಸೆಕೆಂಡು. ಅರವತ್ತು ಸಾವಿರದ ಮುಕ್ಕಾಲು ಪಾಲಾದ ನಲವತ್ತೈದು ಸಾವಿರವನ್ನು ಮುನ್ನೂರ ಅರವತ್ತರಿಂದ ಭಾಗಿಸಿದರೆ ಶೇಷವಿಲ್ಲದೆ ನೂರಿಪ್ಪತ್ತೈದು. ತಾನು ಬೈದುಕೊಂಡು ಕೈಯಿಂದ ಸರಿಸಿದ ಡ್ರಮ್ಮಿನ ಪೆಟ್ಟುಗಳು ಅಲ್ಲಿ ಎಷ್ಟಿವೆಯೆಂದು ಎಣಿಸಿದ: ನಿಮಿಷಕ್ಕೆ ನೂರಿಪ್ಪತ್ತೈದು. ಅದೇ ಟ್ಯೂನಿನ ಕೊನೆಯಲ್ಲಿ ಅಳೆದ; ಯಂತ್ರ ಬಿಸಿಯೇರಿ ಅಂತರ ಮುನ್ನೂರ ಐವತ್ತೆರಡಕ್ಕೆ ಇಳಿದಿತ್ತು. ಪೆಟ್ಟುಗಳೂ ಅಷ್ಟೇ ಚುರುಕಾಗಿದ್ದವು. ಇನ್ನೆರಡು ಟ್ಯೂನುಗಳನ್ನು ತೆರೆದು ನೋಡಿದ. ಪ್ರತಿಯೊಂದರ ಸಂಖ್ಯೆ ಬೇರೆ, ಹೊಂದಿಕೆ ಒಂದೇ. ತೈಸ್ತೊ ತಡ ಮಾಡಿರಲಿಲ್ಲ. ಹತ್ತು ಸೆಕೆಂಡಿನ ಲೆಕ್ಕ ಸರಿಹೋಯಿತು.

ಹೆಲ್ವಿ ಕಾಫಿ ತಂದಳು, ಏಲಕ್ಕಿ ಹಾಕಿದ ಬನ್ನು ತಂದಳು. ತೈಸ್ತೊ ಬನ್ನನ್ನು ಒಂದೇ ಕೈಯಲ್ಲಿ ಮುರಿಯುವುದನ್ನು ಕಲಿತಿದ್ದ. ಅವನು ತಿಂದ ಮೇಲೆ ರೇನೊ ಕೇಳಿದ: ಎಕೋ ಪ್ಲಗಿನ್ನನ್ನು ತಾಳದ ಸಂಖ್ಯೆಯಿಂದ ಬಿಡಿಸಬಹುದು, ಅದರ ವೇಗವನ್ನು ಕೈಯಿಂದ ತಿರುಗಿಸುವ ಗುಂಡಿಗೆ ಕೊಡಬಹುದು, ಆ ಗುಂಡಿಯ ಮೇಲೆ ನೀನು ಕೈ ಇಡುತ್ತೀಯಾ?

"ಬಲಗೈ," ಎಂದ ರೇನೊ. "ಬೆರಳು ಕೂಡ ಬೇಡ, ಮುಷ್ಟಿ ಸಾಕು."

"ಕನಿಕರಕ್ಕೆ ಹೇಳ್ತಿದೀಯಾ?"

"ಮೂರು ವಾರ ಕೂತು ನನ್ನ ಕೈಲಿ ಆಗ್ಲಿಲ್ಲ. ಅದಕ್ಕೆ ಹೇಳ್ತಿದೀನಿ."

ತೈಸ್ತೊ ಕಾಫಿ ಮುಗಿಸಿ ಲೋಟ ಕೆಳಗಿಟ್ಟ. ಮೊದಲು ಆ ಎ-ಫ್ಲಾಟನ್ನು ಅಲ್ಲಿಂದ ತೆಗೆ ಎಂದ. ಅದರ ಜಾಗ ಒಂದು ಸ್ಥಾಯಿ ಮೇಲೆ, ಮೂರನೆಯ ತಂತಿಯ ಮೊದಲ ಮೆಟ್ಟಿನಲ್ಲಿ. ಆಮೇಲೆ ಆಂಪು ಎಷ್ಟಿವೆ ಎಂದು ಕೇಳಿದ. ಹನ್ನೊಂದರಲ್ಲಿ ನಾಲ್ಕನ್ನು ಕೇಳಿ, ಎರಡನೆಯದೇ ಇರಲಿ, ಉಳಿದದ್ದು ಯಾಕೆ ಬೇಕಿತ್ತೋ ಎಂದ. ಗಿಟಾರಿನ ಮೇಲಿದ್ದ ಟ್ರೆಮೊಲೊವನ್ನು ತೆಗೆಸಿದ. ಕಿರುಸದ್ದುಗಳನ್ನು ತೆಗೆಸುವಾಗ, ನನ್ನ ಬೆರಳು ಇಷ್ಟು ಕೊಳಕಾಗಿ ಯಾವಾಗ ಜಾರಿತ್ತು ಎಂದು ಹೆಲ್ವಿಯ ಕಡೆ ನೋಡಿದ. ಅವಳು ನಕ್ಕಳು. ಆ ಮಧ್ಯಾಹ್ನ ಆ ಕೋಣೆಯಲ್ಲಿ ಯಾರಾದರೂ ನಕ್ಕದ್ದು ಅದೊಂದೇ ಸಲ.

ರೇನೊ ಡ್ರಮ್ಮನ್ನೂ ಟಿಕ್ ಟಿಕ್ಕನ್ನೂ ನಿಲ್ಲಿಸಿದ. ಕೀಬೋರ್ಡಿನ ಮುಂದೆ ಕೂತು ಎರಡನೆಯ ಟ್ಯೂನಿನ ಮೊದಲ ಸ್ವರ ಒತ್ತಿ, ಸುಲೊನಂತೆ ಕಾದ. ಅದು ಮರಳಿತು. ಮುಂದಿನದನ್ನು ಒತ್ತಿದ. ಎಂಟು ಸಾಲು ಹೋಗುವಷ್ಟರಲ್ಲಿ ಅವನ ಕೈ ತಾನಾಗಿ ನೂರಮೂವತ್ತೆರಡಕ್ಕೆ ಓಡಿತು. ತೈಸ್ತೊ ನಿಲ್ಲಿಸಿದ. ಎರಡನೆಯ ಸಲವೂ ಓಡಿತು. ಮೂರನೆಯ ಸಲ, ಗುಂಡಿಯ ಮೇಲಿದ್ದ ಮುಷ್ಟಿ ಕೂದಲೆಳೆಯಷ್ಟು ತಿರುಗಿ ಎಕೋ ತುಸು ನಿಧಾನವಾದಾಗ, ಸ್ವರದ ಬಾಲವೂ ಅದರೊಂದಿಗೆ ಬಾಗಿತು. ಅದಕ್ಕೆ ಕಿವಿಗೊಟ್ಟ ರೇನೊ ತಾಳ ಎಣಿಸುವುದನ್ನು ಮರೆತ. ಮುಂದಿನ ಸ್ವರ ಯಾವಾಗ ಎಂದು ಎಕೋ ಹೇಳಿತು, ಅವನು ಒತ್ತಿದ. ಹಾಗೆಯೇ ಕೊನೆ ಮುಟ್ಟಿದರು. ನಡುವೆ ಎರಡು ಕಡೆ ರೇನೊನ ಬೆರಳು ತಪ್ಪಿತ್ತು. ಅದು ಇರಲಿ ಎಂದ ತೈಸ್ತೊ, ನಾನೂ ತಪ್ಪುತ್ತಿದ್ದೆ.

ಮುಗಿದ ಟ್ಯೂನಿನ ಉದ್ದ ಮೂರು ನಿಮಿಷ ಹನ್ನೊಂದು ಸೆಕೆಂಡು.

ತೈಸ್ತೊನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಲವತ್ತು ನಿಮಿಷಕ್ಕಿಂತ ಹೆಚ್ಚು ಕೂರಬಾರದೆಂದು ಅವನಿಗೆ ಹೇಳಿದ್ದರು. ಬಂದು ಎರಡೂವರೆ ಗಂಟೆಯಾಗಿತ್ತು. ಹೆಲ್ವಿ ಕೋಟು ಹಿಡಿದು ನಿಂತಳು. ಉಳಿದೆರಡರ ಗತಿಯೇನು ಎಂದು ರೇನೊ ಕೇಳಿದ. ತೆಗೆದುಬಿಡು, ಹತ್ತೇ ಸಾಕು ಎಂದ ತೈಸ್ತೊ. ರೆಕಾರ್ಡಿನ ಹೊದಿಕೆಯ ಮೇಲೆ ಏನು ಬರೆಯಲಿ ಎಂದು ಕೇಳಿದಾಗ ಅವನು ತೋಳುಗಳನ್ನು ಕೋಟಿನೊಳಗೆ ತೂರಿಸುತ್ತಿದ್ದ. ಮೊದಲು ಎಡತೋಳು, ಆಮೇಲೆ ಬಲತೋಳು.

"ಒಂಬತ್ತರಲ್ಲಿ ಗಿಟಾರ್ ತೈಸ್ತೊ ಅಂತ ಬರಿ. ಹತ್ತನೇದ್ರಲ್ಲಿ ಕೀಬೋರ್ಡು ರೇನೊ. ಎಕೋ ತೈಸ್ತೊ."

"ಗಿಟಾರ್ ಯಾರು ಅಂತ ಕೇಳ್ತಾರೆ."

"ಹತ್ತನೇದ್ರಲ್ಲಿ ಗಿಟಾರ್ ಇಲ್ಲ. ಇಲ್ಲದ್ದನ್ನ ಬರೀಬೇಡ."

ರೇನೊ ಹಾಳೆಯ ಹಿಂಬದಿಯಲ್ಲಿ ಹಾಗೇ ಬರೆದುಕೊಂಡ. ಮುಂಬದಿಯ ನೂರಮೂವತ್ತೆರಡರ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದ. ಅದರ ಬದಲಿಗೆ ಬರೆಯಲು ಅವನ ಬಳಿ ಸಂಖ್ಯೆಯಿರಲಿಲ್ಲ. ಲಿಫ್ಟಿನವರೆಗೂ ಅವರೊಂದಿಗೆ ಹೋದ. ಲಿಫ್ಟು ಐದು ಮಹಡಿ ಏರಿ ಬರುವವರೆಗೆ ಮೂವರೂ ಗೋಡೆಗೆ ಒರಗಿ ನಿಂತಿದ್ದರು.

"ಮುಂದಿನ ಗುರುವಾರ ಬರಲ್ಲ," ಎಂದ ತೈಸ್ತೊ. "ಸುಸ್ತಾಗಿದೆ."

"ನಂಗೂ," ಎಂದ ರೇನೊ.

"ಅದರ ಮುಂದಿನ ಗುರುವಾರ ನೋಡೋಣ," ಎಂದು ಹೆಲ್ವಿ ಲಿಫ್ಟಿನ ಬಾಗಿಲನ್ನು ಭುಜದಿಂದ ತಡೆದು ಗಂಡನನ್ನು ಒಳಗೆ ಬಿಟ್ಟಳು.